ಎಷ್ಟು ಕೆಜಿ ಸಿಕ್ಕಿತು ಅಂತ ಕೇಳಿದರೆ ಸಾಲದು

2021ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸುಮಾರು 3,000 ಕೆಜಿ ಹೆರಾಯಿನ್ ಸಿಕ್ಕಿತು. ಅದರ ಬೆಲೆ 21,000 ಕೋಟಿ ಅಂತ ಸುದ್ದಿಯಾಯಿತು. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿಗೆ ಬರುವ ತಂದೆ ತಾಯಿ ಕೇಳುತ್ತಾರೆ: “ಡಾಕ್ಟ್ರೇ, ಇನ್ನಾದ್ರೂ ಕಡಿಮೆ ಆಗುತ್ತಾ?” ವ್ಯಸನ ಚಿಕಿತ್ಸೆ ಮಾಡುವ ವೈದ್ಯನಾಗಿ ನಾನು ಹೇಳಬಹುದಾದದ್ದು ಇಷ್ಟೇ: ತೂಕ ನೋಡಿ ಅದನ್ನು ತಿಳಿಯಲು ಆಗುವುದಿಲ್ಲ.

ಜಪ್ತಿ ಜಾಸ್ತಿಯಾದರೆ ಪೊಲೀಸರು ಚುರುಕಾಗಿರಬಹುದು. ಸರಕೇ ಜಾಸ್ತಿ ಬರುತ್ತಿರಲೂಬಹುದು. ಇನ್ನು ಕೋಟಿಗಳ ಲೆಕ್ಕ. ಬೀದಿಯಲ್ಲಿ ಚಿಲ್ಲರೆಯಾಗಿ ಮಾರಿದರೆ ಎಷ್ಟು ಸಿಗುತ್ತದೋ ಸಾಮಾನ್ಯವಾಗಿ ಆ ದರದಲ್ಲೇ ಗುಣಿಸುತ್ತಾರೆ. ಆದರೆ ಹೆರಾಯಿನ್ ತಯಾರಿಸಲು ಬೇಕಾದ ಅಫೀಮನ್ನು ಹೊಲದಲ್ಲಿ ಬೆಳೆದವನಿಗೆ ಸಿಗುವುದು ಅದರಲ್ಲಿ ತೀರಾ ಸಣ್ಣ ಪಾಲು. ಕೈಯಿಂದ ಕೈಗೆ ದಾಟುವಾಗ ಜೈಲಿನ ಭಯ, ಲಂಚ, ಮೋಸ ಎಲ್ಲ ಸೇರಿ ಬೆಲೆ ಏರುತ್ತದೆ. ಹಾಗಾಗಿ ಬಂದರಿನಲ್ಲಿ ಕಳೆದುಹೋದ ಮಾಲನ್ನು ಮತ್ತೆ ತುಂಬಿಸಲು ಕಳ್ಳಸಾಗಣೆದಾರನಿಗೆ ಆ ಕೋಟಿಗಳೆಲ್ಲ ಬೇಕಾಗುವುದಿಲ್ಲ.

ನನಗೆ ಈ ವಿಷಯ ಚೆನ್ನಾಗಿ ಅರ್ಥವಾಗಿದ್ದು ಎರಡು ಊರುಗಳ ಕಥೆಯಿಂದ. 2000ರಲ್ಲಿ ಕೆನಡಾದಲ್ಲಿ ಸುಮಾರು 100 ಕೆಜಿ ಹೆರಾಯಿನ್ ಹಿಡಿದರು. ಅಲ್ಲಿಗೆ ಅದು ಭಾರಿ ಬೇಟೆ. ಅಲ್ಲಿನ ವ್ಯಾಂಕೂವರ್ ನಗರದಲ್ಲಿ ಮಾದಕ ಚುಚ್ಚಿಕೊಳ್ಳುವವರನ್ನು ಅದಕ್ಕೆ ಮುಂಚೆ ಮತ್ತು ಆಮೇಲೆ ಸಂಶೋಧಕರು ವಿಚಾರಿಸಿದರು. ಬಳಕೆ ತಗ್ಗಿರಲಿಲ್ಲ. ಬೆಲೆಯೂ ಏರಿರಲಿಲ್ಲ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 2001ರ ಆರಂಭದಲ್ಲಿ, ಸಿಡ್ನಿಯಲ್ಲಿ ಹೆರಾಯಿನ್‌ಗೆ ನಿಜವಾಗಿಯೂ ಬರ ಬಂತು. ಬೆಲೆ ಏರಿತು, ಶುದ್ಧತೆ ಇಳಿಯಿತು. ಆಸ್ಟ್ರೇಲಿಯಾದಲ್ಲಿ 15ರಿಂದ 54 ವಯಸ್ಸಿನವರಲ್ಲಿ 1999ರಲ್ಲಿ ಅಫೀಮು ಬಗೆಯ ಮಾದಕಗಳ ಓವರ್‌ಡೋಸ್‌ನಿಂದ 1,116 ಜನ ಸತ್ತಿದ್ದರು. 2001ರಲ್ಲಿ ಆ ಸಂಖ್ಯೆ 386. ಇಷ್ಟು ಜೀವ ಉಳಿದದ್ದು ಸಣ್ಣ ಮಾತಲ್ಲ. ಪೂರೈಕೆ ತಡೆದು ಏನೂ ಪ್ರಯೋಜನವಿಲ್ಲ ಅನ್ನುವವರು ಈ ಅಂಕಿಯನ್ನು ನೋಡಲೇಬೇಕು. ಆದರೆ ಅದೇ ಸಿಡ್ನಿಯಲ್ಲಿ ಕೊಕೇನ್ ಚುಚ್ಚಿಕೊಳ್ಳುವುದು ಜಾಸ್ತಿಯಾಯಿತು. ಕೊಕೇನ್‌ನ ಅಮಲು ಬೇಗ ಇಳಿಯುತ್ತದೆ, ಹಾಗಾಗಿ ದಿನಕ್ಕೆ ಎಷ್ಟೋ ಸಲ ಸೂಜಿ ಬೇಕು. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ ಭಯ. ಬರಕ್ಕೆ ಪೊಲೀಸರ ಕೆಲಸವೇ ಕಾರಣವೋ ಅಥವಾ ಕಳ್ಳಸಾಗಣೆದಾರರು ಬೇರೆ ಸರಕಿಗೆ ಹೊರಳಿದ್ದರೋ ಅಂತ ತಜ್ಞರು ವರ್ಷಗಟ್ಟಲೆ ವಾದ ಮಾಡಿದ್ದಾರೆ.

ಆ ಎರಡೂ ಕಡೆ ವಾದ ಮಾಡುವುದಕ್ಕಾದರೂ ಲೆಕ್ಕ ಇತ್ತು. ಬೆಲೆ, ಶುದ್ಧತೆ, ಸಾವು, ಯಾರು ಏನನ್ನು ಬಳಸುತ್ತಿದ್ದಾರೆ ಅನ್ನುವುದನ್ನು ಬಿಡದೆ ಅಳೆಯುತ್ತಿದ್ದರು. ನಮ್ಮಲ್ಲಿ? ಜಪ್ತಿಯ ಸುದ್ದಿ ದಿನವೂ ಬರುತ್ತದೆ. ಬಳಕೆಯ ರಾಷ್ಟ್ರೀಯ ಸಮೀಕ್ಷೆ 2004ರಲ್ಲಿ ಒಂದು ಪ್ರಕಟವಾಯಿತು. ಅದರಲ್ಲಿ ಮನೆಮನೆ ಸಮೀಕ್ಷೆಗೆ ಹೆಂಗಸರನ್ನು ಸೇರಿಸಿಯೇ ಇರಲಿಲ್ಲ! ದೆಹಲಿಯ ಏಮ್ಸ್ ನಡೆಸಿದ ದೊಡ್ಡ ಸಮೀಕ್ಷೆ ಬಂದದ್ದು 2019ರಲ್ಲಿ. 10ರಿಂದ 75 ವಯಸ್ಸಿನವರಲ್ಲಿ ಸುಮಾರು ಶೇ 2.8ರಷ್ಟು ಜನ ಗಾಂಜಾ, ಭಂಗಿಯಂಥವನ್ನೂ ಶೇ 2.1ರಷ್ಟು ಜನ ಅಫೀಮು, ಹೆರಾಯಿನ್, ನೋವಿನ ಮಾತ್ರೆಗಳಂಥವನ್ನೂ ಬಳಸುತ್ತಾರೆ ಅಂತ ತಿಳಿದದ್ದು ಅದರಿಂದ. ನಡುವೆ ಹದಿನೈದು ವರ್ಷ. ಅಷ್ಟರಲ್ಲಿ ಜಾರಿಯಾದ ಯಾವ ಕ್ರಮ ಫಲ ಕೊಟ್ಟಿತು ಅಂತ ಹೇಗೆ ಹೇಳುವುದು?

ಒಂದು ದೊಡ್ಡ ದಾಳಿಯಾದ ಮೇಲೆ ನಾವು ಓಪಿಡಿಯಲ್ಲಿ ಕೇಳಬೇಕಾದದ್ದು ಬೇರೆಯೇ. ಈಗ ಎಷ್ಟಕ್ಕೆ ಸಿಗುತ್ತಿದೆ? ಸಿಗದಿದ್ದರೆ ಬದಲಿಗೆ ಏನು ತಗೋತೀರಿ, ಮಾತ್ರೆಯಾ, ಸೂಜಿಯಾ? ಚಿಕಿತ್ಸೆಗೆ ಬರುವವರು ಹೆಚ್ಚಾದರಾ? ಇನ್ನೊಂದು ವಿಷಯವನ್ನು ಮನೆಯವರು ನೆನಪಿಡಬೇಕು. ಮಾಲು ಸಿಗದೆ ಅಥವಾ ಜೈಲಿಗೆ ಹೋಗಿ ಕೆಲವು ವಾರ ಬಿಟ್ಟವರ ದೇಹಕ್ಕೆ ಮೊದಲಿನ ತಾಳಿಕೆ ಇರುವುದಿಲ್ಲ. ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಮಾಲು ಕಮ್ಮಿಯಾದ ಹೊತ್ತಿಗೆ ಬ್ಯುಪ್ರೆನಾರ್ಫಿನ್‌ನಂಥ (ಹೆರಾಯಿನ್ ಬಿಟ್ಟಾಗಿನ ಚಡಪಡಿಕೆ ತಗ್ಗಿಸುವ ಔಷಧ) ಚಿಕಿತ್ಸೆ ಸುಲಭವಾಗಿ ಸಿಗುವಂತಿದ್ದರೆ ಅದೇ ಜನ ನಮ್ಮ ಬಾಗಿಲಿಗೆ ಬರುತ್ತಾರೆ.

ಈ ಪ್ರಶ್ನೆಗಳ ಉತ್ತರವನ್ನು ಪ್ರತಿ ಜಿಲ್ಲೆಯ ವ್ಯಸನ ಮುಕ್ತಿ ಕೇಂದ್ರ ತಿಂಗಳಿಗೊಮ್ಮೆ, ಯಾರ ಹೆಸರೂ ಇಲ್ಲದೆ, ಒಂದು ಹಾಳೆಯಲ್ಲಿ ಬರೆದು ಕಳಿಸಬಹುದು. ಜಿಲ್ಲಾಸ್ಪತ್ರೆ ಓವರ್‌ಡೋಸ್ ಸಾವುಗಳ ಲೆಕ್ಕ ಸೇರಿಸಲಿ, ಜಪ್ತಿಯಾದ ಮಾಲನ್ನು ಪರೀಕ್ಷಿಸುವ ಪ್ರಯೋಗಾಲಯ ಶುದ್ಧತೆಯ ವಿವರ ಕೊಡಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಒಂದು ಸುತ್ತೋಲೆ ಸಾಕು.