ಎರೆ ಮೀನಿಗೆ ಬೀಸು ಬಲೆ: ಮೊದಲು ಕಣ್ಣು ನೋಡಿ

ಕುಣಿಗಲ್ ಸುತ್ತಿನ ಕೆರೆಗಳಲ್ಲಿ ಕೊರವನಿಗೆ ಗಾಳ ಹಾಕೋದು ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಕೊರವ ಬೇಟೆಯಾಡಿ ತಿನ್ನುವ ಮೀನು. ಗಾಳದ ತುದಿಯಲ್ಲಿ ಎರೆಯಾಗಿ ಜೀವಂತ ಪಕ್ಕೆ (ಒಂದು ಬಗೆಯ ಸಣ್ಣ ಮೀನು) ಒದ್ದಾಡುತ್ತಿದ್ದರೆ ಸುಮ್ನೆ ಬಿಡೋದಿಲ್ಲ. ಆ ಪಕ್ಕೆ ಹಿಡಿಯೋಕೆ ಬೀಸು ಬಲೆ ಬೇಕು. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳೋದು "ಎಷ್ಟು ಅಡಿ ಬಲೆ?" ಅಂತ. ನಾನು ಹೇಳೋದು, ಮೊದಲು ಕಣ್ಣಿನ, ಅಂದರೆ ಬಲೆಯ ಒಂದೊಂದು ತೂತಿನ, ಅಳತೆ ಕೇಳಿ.

ಕಣ್ಣು ಅಳೆಯುವ ಕ್ರಮ ಎರಡಿದೆ. ಒಂದು, ಗಂಟಿನಿಂದ ಪಕ್ಕದ ಗಂಟಿಗೆ. ಇನ್ನೊಂದು, ಕಣ್ಣನ್ನು ಬಿಗಿಯಾಗಿ ಎಳೆದು ಎದುರುಬದುರು ಗಂಟುಗಳ ನಡುವೆ. ಎರಡನೇ ಅಳತೆ ಮೊದಲನೆಯದಕ್ಕೆ ದುಪ್ಪಟ್ಟು ಬರುತ್ತದೆ. ನಾನು ಮೊದಲ ಬಲೆ ತಂದಾಗ ಅಂಗಡಿಯವರು "ಮುಕ್ಕಾಲು ಇಂಚು" ಅಂದರು, ನಾನು ಎಳೆದ ಅಳತೆ ಅಂದುಕೊಂಡೆ. ಅದು ಗಂಟಿನಿಂದ ಗಂಟಿಗೆ ಮುಕ್ಕಾಲು ಇಂಚು! ಎರೆಗೆ ಬೇಕಿದ್ದ ಚಿಕ್ಕ ಪಕ್ಕೆಗಳೆಲ್ಲ ನುಸುಳಿ ಹೋದವು. ನಾಲ್ಕು ಇಂಚಿನವು ಕಣ್ಣಿಗೆ ತಲೆ ತೂರಿಸಿ ಕಿವಿರಿನ ಹತ್ತಿರ ಸಿಕ್ಕಿಕೊಂಡವು. ಒಂದೊಂದನ್ನೇ ಬಿಡಿಸುವಾಗ ಬೆರಳಿಗೆಲ್ಲ ಹುರುಪೆ ಅಂಟಿತ್ತು. ಅರ್ಧಕ್ಕರ್ಧ ಆಗಲೇ ಸತ್ತಿದ್ದವು. ಇವತ್ತಿಗೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಆಮೇಲೆ ಒಂದು ಲೆಕ್ಕ ಕಲಿತೆ. ಕಣ್ಣಿಗೆ ನಾಲ್ಕು ಬದಿ, ಹಾಗಾಗಿ ಮುಕ್ಕಾಲು ಇಂಚಿನ ಕಣ್ಣಿನ ಸುತ್ತಳತೆ 3 ಇಂಚು. ಮೂರು ನೂಲಿನ ಕಣ್ಣಿನದು, ಅಂದರೆ 3/8 ಇಂಚಿನದು, ಒಂದೂವರೆ ಇಂಚು. ಈಗ ಒಂದು ಪಕ್ಕೆ ತಗೊಂಡು ಕಿವಿರಿನ ಹಿಂದೆ ದಾರ ಸುತ್ತಿ ಅಳೆಯಿರಿ. ನಾನು ಅಳೆದ ಮೂರು ಇಂಚಿನ ಪಕ್ಕೆಗೆ ಎರಡು ಇಂಚಿಗಿಂತ ಚೂರು ಜಾಸ್ತಿ ಬಂತು. ಮೂರು ನೂಲಿನ ಕಣ್ಣಿಗೆ ಅದರ ತಲೆಯೇ ತೂರೋದಿಲ್ಲ, ಬಲೆಯೊಳಗೆ ಆರಾಮಾಗಿ ಉಳಿಯುತ್ತದೆ. ಎರಡು ಇಂಚಿಗಿಂತ ಸಣ್ಣದು ಬೇಕಿದ್ದರೆ ಎರಡು ನೂಲಿನ ಕಣ್ಣು ತಗೋಬಹುದು. ಆದರೆ ಕಣ್ಣು ಸಣ್ಣದಾದಷ್ಟೂ ನೀರಿನ ತಡೆ ಜಾಸ್ತಿ, ಬಲೆ ನಿಧಾನಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಚುರುಕು ಮೀನು ಓಡಿಹೋಗಿರುತ್ತದೆ.

ಇನ್ನು ಅಡಿ. ಬಲೆಯ ನೆತ್ತಿಯಿಂದ ಸೀಸದ ಅಂಚಿನವರೆಗಿನ ಉದ್ದವನ್ನೇ ಅಡಿ ಅನ್ನುತ್ತಾರೆ, ಬಿಚ್ಚಿದಾಗಿನ ಅಗಲ ಅದರ ಎರಡರಷ್ಟು. 4 ಅಡಿ ಬಲೆ ಪೂರ್ತಿ ಬಿಚ್ಚಿಕೊಂಡರೆ ಸುಮಾರು 50 ಚದರ ಅಡಿ ಮುಚ್ಚುತ್ತದೆ, 6 ಅಡಿಯದು 113. ನೋಡಿದರೆ ದೊಡ್ಡದೇ ಲಾಭ ಅನ್ನಿಸುತ್ತದೆ, ಅಲ್ವಾ? ಆದರೆ ಹೊಸಬರ ಕೈಯಲ್ಲಿ 6 ಅಡಿಯದು ಬಾಳೆಹಣ್ಣಿನ ಆಕಾರದಲ್ಲಿ ಬೀಳುತ್ತದೆ. 4 ಅಡಿಯದು ದುಂಡಗೆ ಬಿದ್ದರೆ ಅದೇ ಮೇಲು. ನೀರಿನ ಆಳವೂ ಲೆಕ್ಕಕ್ಕೆ ಬರುತ್ತದೆ. ಬಲೆ ಇಳಿಯುತ್ತಾ ಮುಚ್ಚಿಕೊಳ್ಳುತ್ತದೆ. ಬಲೆಯ ಉದ್ದದಷ್ಟೇ ಆಳವಿದ್ದರೆ ನೆಲ ಮುಟ್ಟುವ ಹೊತ್ತಿಗೆ ಅದು ಮುದುಡಿರುತ್ತದೆ. ಪಕ್ಕೆ ಸಿಗೋದು ಹೆಚ್ಚಾಗಿ ಕೆರೆ ಅಂಚಿನ ಎರಡು ಮೂರು ಅಡಿ ನೀರಿನಲ್ಲಿ, ಅಲ್ಲಿಗೆ 4 ಅಥವಾ 5 ಅಡಿ ಬಲೆ ಸಾಕು.

ಸೀಸದ ತೂಕ ಉದ್ದದ ಪ್ರತಿ ಅಡಿಗೆ ಸುಮಾರು 450 ಗ್ರಾಂ ಇದ್ದರೆ ಚೆನ್ನ. ಅಂದರೆ ಅಂಚಿನ ಸುತ್ತಿನಲ್ಲಿ ಪ್ರತಿ ಅಡಿಗೆ 70 ಗ್ರಾಂ ಚಿಲ್ಲರೆ. ಅಂಗಡಿಯಲ್ಲೇ ಅಂಚನ್ನು ಕೈಯಲ್ಲಿ ಸವರಿ ನೋಡಿ. ಸೀಸದ ಗುಂಡುಗಳ ನಡುವೆ ಎಲ್ಲಾದರೂ ದೊಡ್ಡ ಖಾಲಿ ಜಾಗ ಸಿಕ್ಕರೆ ಆ ಬಲೆ ಬೇಡ, ಮೀನು ತಪ್ಪಿಸಿಕೊಳ್ಳೋದೇ ಅಲ್ಲಿಂದ.

ದಾರದ ವಿಷಯಕ್ಕೆ ಬಂದರೆ, ಒಂಟಿ ಎಳೆಯ ಪ್ಲಾಸ್ಟಿಕ್ ದಾರ ನೀರು ಹೀರೋದಿಲ್ಲ, ಬೇಗ ಇಳಿಯುತ್ತದೆ. ಹೊಸೆದ ನೈಲಾನ್ ಮೆತ್ತಗಿರುತ್ತದೆ, ಆದರೆ ನೀರು ಕುಡಿದು ಭಾರವಾಗುತ್ತದೆ. ನಾನು ಒಂಟಿ ಎಳೆಯದನ್ನೇ ಇಟ್ಟುಕೊಂಡಿದ್ದೇನೆ. ಯಾವುದೇ ಆದರೂ ನೆರಳಲ್ಲಿ ಒಣಗಿಸಿ, ಬಿಸಿಲು ದಾರವನ್ನು ತಿನ್ನುತ್ತದೆ.

ನಮ್ಮ ಕಡೆ ಬತ್ತಿದ ಕೆರೆಯಲ್ಲಿ ಜಾಲಿ ಬೆಳೆದು, ಮಳೆ ಬಂದಾಗ ಮುಳುಗಿರುತ್ತದೆ. ಬೇಸಿಗೆಯಲ್ಲೇ ಹೋಗಿ ಮುಳ್ಳಿಲ್ಲದ ಜಾಗ ಗುರುತು ಮಾಡಿಕೊಂಡು ಬನ್ನಿ. ಕೆರೆಯ ಮೀನು ಗುತ್ತಿಗೆ ಯಾರಿಗಾಗಿದೆ ಅಂತ ತಿಳಿದು, ಅವರನ್ನು ಕೇಳಿಯೇ ಬಲೆ ಬೀಸಿ.

ಹಿಡಿದ ಪಕ್ಕೆಗಳನ್ನು ಅದೇ ಕೆರೆಯ ನೀರು ತುಂಬಿದ ಬಕೆಟ್‌ನಲ್ಲಿಡಿ. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ಸಾಯುತ್ತವೆ. ಉಳಿದವನ್ನು ಹಿಡಿದ ಕೆರೆಗೇ ಬಿಡಿ, ದಾರಿಯಲ್ಲಿ ಸಿಗುವ ಬೇರೆ ಕೆರೆಗೆ ಸುರಿಯಬೇಡಿ. ಪಕ್ಕೆಯ ಜೊತೆ ಎರಡು ಜಿಲೇಬಿ ಮೀನಿನ (ತಿಲಾಪಿಯಾ) ಮರಿ ಸೇರಿಕೊಂಡಿದ್ದರೂ ಸಾಕು, ಅವು ಆ ಕೆರೆಯಲ್ಲೂ ಬೇರೂರುತ್ತವೆ.