ರೂಟ್ ತುಂಬಿತ್ತು, ಹೋಮ್ ಖಾಲಿ ಇತ್ತು

ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿ ಪಾಸ್‌ವರ್ಡ್ ಹಾಕಿದೆ. ಪರದೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಅದೇ ಲಾಗಿನ್ ಪುಟ ಬಂತು. ಇನ್ನೊಮ್ಮೆ ಹಾಕಿದೆ, ಮತ್ತೆ ಅದೇ. ಪಾಸ್‌ವರ್ಡ್ ತಪ್ಪು ಅಂತಲೂ ಅದು ಹೇಳುತ್ತಿರಲಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಬರೀ ಅಕ್ಷರಗಳ ಪರದೆಗೆ ಹೋಗಿ, ಜಾಗ ಎಷ್ಟು ಉಳಿದಿದೆ ಅಂತ ತೋರಿಸುವ ‘ಡಿಎಫ್’ ಕಮಾಂಡ್ ಕೊಟ್ಟೆ. ರೂಟ್ ಪಾರ್ಟಿಷನ್, ಅಂದರೆ ಡಿಸ್ಕ್‌ನಲ್ಲಿ ಸಿಸ್ಟಮ್ ಇರುವ ಭಾಗ, 100% ತುಂಬಿತ್ತು. ನನ್ನ ಫೈಲ್‌ಗಳಿರುವ ಪಕ್ಕದ ಹೋಮ್ ಪಾರ್ಟಿಷನ್‌ನಲ್ಲಿ 150 ಜಿಬಿ ಸುಮ್ನೆ ಖಾಲಿ ಬಿದ್ದಿತ್ತು.

ಈ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕುವಾಗ ರೂಟ್‌ಗೆ 20 ಜಿಬಿ ಸಾಕು ಅಂದುಕೊಂಡಿದ್ದೆ. ಆಮೇಲೆ ಒಂದೊಂದಾಗಿ ಸಾಫ್ಟ್‌ವೇರ್ ಸೇರಿತು, ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಹಳೆಯ ಆವೃತ್ತಿಗಳು ಉಳಿದವು, ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಫೈಲ್‌ಗಳು ಬೆಳೆದವು. ಆದರೂ ಆ ದಿನ ಒಳಗೆ ಹೋಗಿ ಒಂದಷ್ಟು ಅಳಿಸಲು ಆಯಿತು. ಪಾರ್ಟಿಷನ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಎಕ್ಸ್‌ಟಿ4 ಫೈಲ್ ಸಿಸ್ಟಮ್ ಮೊದಲೇ 5% ಜಾಗವನ್ನು ರೂಟ್ ಅನ್ನುವ ಹೆಸರಿನ ಮೇಲ್ವಿಚಾರಕ ಬಳಕೆದಾರನಿಗೆಂದು ಎತ್ತಿಟ್ಟಿರುತ್ತದೆ. ಉಳಿದವರಿಗೆ ಜಾಗ ಮುಗಿದ ಮೇಲೂ ರಿಪೇರಿ ಮಾಡುವವನಿಗೆ ಸ್ವಲ್ಪ ಉಳಿದಿರಲಿ ಅಂತ. ಎಷ್ಟು ಒಳ್ಳೆಯ ಯೋಚನೆ!

ಇಷ್ಟಕ್ಕೂ ಡಿಸ್ಕ್‌ನೊಳಗೆ ನಿಜವಾದ ಗೋಡೆ ಏನೂ ಇಲ್ಲ. ಡಿಸ್ಕ್‌ನ ಶುರುವಿನಲ್ಲಿ ಒಂದು ಸಣ್ಣ ಪಟ್ಟಿ ಇರುತ್ತದೆ. ಈ ಪಾರ್ಟಿಷನ್ ಇಂಥ ಸೆಕ್ಟರ್‌ನಿಂದ (ಡಿಸ್ಕ್‌ನ ಪುಟ್ಟ ತುಂಡು) ಇಂಥ ಸೆಕ್ಟರ್‌ವರೆಗೆ ಅಂತ ಅದರಲ್ಲಿ ಬರೆದಿರುತ್ತದೆ, ಅಷ್ಟೇ. ಹಳೆಯ ಎಂಬಿಆರ್ ಪಟ್ಟಿಯಲ್ಲಿ ನಾಲ್ಕೇ ಮುಖ್ಯ ಪಾರ್ಟಿಷನ್‌ಗೆ ಜಾಗವಿತ್ತು. ಈಗಿನ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಹಿಡಿಯುತ್ತವೆ. ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕ್‌ನ ಕೊನೆಯಲ್ಲೂ ಇರುತ್ತದೆ.

ಹಾಗಾದರೆ ಎರಡು ಸಂಖ್ಯೆ ತಿದ್ದಿದರೆ ಮುಗೀತಲ್ಲ ಅನಿಸುತ್ತದೆ, ಅಲ್ವಾ? ಪಾರ್ಟಿಷನ್ನಿನ ಬಾಲ ಹಿಗ್ಗಿಸುವುದಾದರೆ ಹೆಚ್ಚುಕಡಿಮೆ ಹಾಗೆಯೇ. ಮುಂದೆ ಖಾಲಿ ಜಾಗ ಇದ್ದರೆ ಸಾಕು, ಎಕ್ಸ್‌ಟಿ4 ಅನ್ನು ಕೆಲಸ ನಡೆಯುತ್ತಿರುವಾಗಲೇ ದೊಡ್ಡದು ಮಾಡಬಹುದು. ಕಷ್ಟ ಇರುವುದು ತಲೆಯ ಕಡೆ. ಫೈಲ್ ಸಿಸ್ಟಮ್ ತನ್ನ ಬ್ಲಾಕ್‌ಗಳನ್ನು ಪಾರ್ಟಿಷನ್ ಶುರುವಾಗುವ ಜಾಗದಿಂದ ಎಣಿಸುತ್ತದೆ. ಆ ಜಾಗ ಬದಲಾದರೆ ಲೆಕ್ಕವೆಲ್ಲ ತಪ್ಪುತ್ತದೆ. ಹಾಗಾಗಿ ಒಳಗಿರುವುದನ್ನೆಲ್ಲ ಎತ್ತಿ ಹೊಸ ಜಾಗದಲ್ಲಿ ಬರೆಯಬೇಕು.

ನನ್ನ ಡಿಸ್ಕ್‌ನಲ್ಲಿ ರೂಟ್‌ಗೆ ಅಂಟಿಕೊಂಡೇ ಹೋಮ್ ಇತ್ತು. ರೂಟ್ ಬೆಳೆಯಬೇಕಾದರೆ ಹೋಮ್‌ನ ತಲೆ ಜರುಗಲೇಬೇಕು. ಬ್ಯಾಕಪ್ ತೆಗೆದುಕೊಂಡು, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ರಾತ್ರಿ ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ಸಾಫ್ಟ್‌ವೇರ್‌ಗೆ ಕೆಲಸ ಹಚ್ಚಿದೆ. ಮಧ್ಯೆ ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದರೆ ಹೋಮ್ ಅರ್ಧ ಇಲ್ಲಿ, ಅರ್ಧ ಅಲ್ಲಿ. ಕೆಲಸ ಮುಗಿಯುವವರೆಗೆ ನನಗೆ ನಿದ್ದೆ ಹತ್ತಲಿಲ್ಲ.

ಇಷ್ಟಾದರೂ ಮನೆಯ ಕಂಪ್ಯೂಟರ್‌ನಲ್ಲಿ ಹೋಮ್ ಬೇರೆಯೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಫೋಟೋ, ಪತ್ರ, ಸೆಟ್ಟಿಂಗ್ ಎಲ್ಲ ಅಲ್ಲಿರುತ್ತವೆ. ನಾಳೆ ಬೇರೆ ಲಿನಕ್ಸ್ ಹಾಕಬೇಕು ಅನಿಸಿದರೆ ರೂಟ್ ಒಂದನ್ನೇ ಫಾರ್ಮ್ಯಾಟ್ ಮಾಡಿ, ಹೋಮ್ ಅನ್ನು ಮುಟ್ಟದೆ ಬಿಡಬಹುದು. ಅದರಾಚೆಗೆ ಭಾಗ ಮಾಡುತ್ತಾ ಹೋಗುವುದು ಬೇಡ. ಸರ್ವರ್‌ನಲ್ಲಿ ಲಾಗ್‌ಗಳಿರುವ ‘ವಾರ್’ ಡೈರೆಕ್ಟರಿಯನ್ನು ಬೇರೆ ಇಡುವುದಕ್ಕೆ ಅರ್ಥವಿದೆ. ಅಲ್ಲಿ ಲಾಗ್ ಹುಚ್ಚಾಪಟ್ಟೆ ಬೆಳೆದರೂ ರೂಟ್ ಉಸಿರಾಡುತ್ತಿರುತ್ತದೆ. ಮನೆಯಲ್ಲಿ ಅದು ಮತ್ತೊಂದು ಇಕ್ಕಟ್ಟಾದ ಕೋಣೆ ಆಗುತ್ತದೆ. ರ‍್ಯಾಮ್ ಸಾಲದಾದಾಗ ಬಳಕೆಯಾಗುವ ಸ್ವಾಪ್‌ಗೂ ಬೇರೆ ಪಾರ್ಟಿಷನ್ ಬೇಕೇ ಬೇಕು ಅಂತಿಲ್ಲ, ರೂಟ್‌ನೊಳಗೆ ಒಂದು ಫೈಲ್ ಸಾಕು. ರ‍್ಯಾಮ್‌ನಲ್ಲಿರುವುದನ್ನು ಡಿಸ್ಕ್‌ಗೆ ಬರೆದು ಆಫ್ ಮಾಡುವ ಹೈಬರ್ನೇಟ್ ಬಳಸುವವರು ಮಾತ್ರ ಅದನ್ನು ರ‍್ಯಾಮ್‌ನಷ್ಟು ದೊಡ್ಡದಿಟ್ಟರೆ ಒಳ್ಳೆಯದು.

ಗೋಡೆ ಬೇಡವೇ ಬೇಡ ಅನ್ನುವವರಿಗೆ ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್ ಸಿಸ್ಟಮ್ ಇದೆ. ಅದರೊಳಗಿನ ಭಾಗಗಳಾದ ಸಬ್‌ವಾಲ್ಯೂಮ್‌ಗಳು ಹೆಸರಿಗೆ ಬೇರೆಬೇರೆ, ಜಾಗ ಮಾತ್ರ ಎಲ್ಲಕ್ಕೂ ಒಂದೇ. ಡಿಸ್ಕ್‌ನ ಜಾಗವನ್ನು ಒಟ್ಟುಗೂಡಿಸಿ ಹಂಚುವ ಎಲ್‌ವಿಎಂ ಬಳಸಿದರೆ ರೂಟ್‌ಗೆ ಡಿಸ್ಕ್‌ನಲ್ಲಿ ಎಲ್ಲಿ ಖಾಲಿ ಇದ್ದರೂ ಅಲ್ಲಿಂದ ತುಂಡು ತಂದು ಜೋಡಿಸಬಹುದು.

ನಾನು ಈಗಲೂ ಸಾದಾ ಪಾರ್ಟಿಷನ್ ಬಳಸುತ್ತೇನೆ. 256 ಜಿಬಿ ಅಂತ ಮಾರುವ ಎಸ್‌ಎಸ್‌ಡಿ ಕಂಪ್ಯೂಟರ್ ಲೆಕ್ಕದಲ್ಲಿ ಸುಮಾರು 238 ಜಿಬಿ. ಮೊದಲಿಗೆ ಬೂಟ್ ಆಗಲು ಬೇಕಾದ ಇಎಫ್‌ಐ ಪಾರ್ಟಿಷನ್ 512 ಎಂಬಿ, ಆಮೇಲೆ ರೂಟ್ 60 ಜಿಬಿ. ಅದರ ಪಕ್ಕ 40 ಜಿಬಿ ಯಾರಿಗೂ ಕೊಡದೆ ಖಾಲಿ. ಮಿಕ್ಕಿದ್ದೆಲ್ಲ ಹೋಮ್. ಆ 40 ಜಿಬಿಗೆ ಇನ್ನೂ ಕೈ ಹಾಕಿಲ್ಲ.