ಸರ ಕಳಚಿಟ್ಟ ರಾಣಿ

2022ರಲ್ಲಿ ಇಂಗ್ಲೆಂಡಿನ ಹಾರ್ಪೋಲ್ ಎಂಬ ಊರಿನ ಹತ್ತಿರ ಒಬ್ಬ ಹೆಂಗಸಿನ ಸಮಾಧಿ ಸಿಕ್ಕಿತು. ಮೂಳೆ ಕರಗಿಹೋಗಿ ಹಲ್ಲಿನ ಚೂರುಗಳಷ್ಟೇ ಉಳಿದಿದ್ದವು. ಆದರೆ ಕೊರಳ ಸರ ಹಾಗೇ ಇತ್ತು. ಚಿನ್ನ, ಗಾರ್ನೆಟ್ ಎಂಬ ಕೆಂಪು ಹರಳು, ರೋಮನ್ ನಾಣ್ಯ ಎಲ್ಲ ಸೇರಿ ಕಡಿಮೆಯೆಂದರೂ 30 ಪದಕ, ಮಣಿ. ಜೊತೆಗೆ ಒಂದು ದೊಡ್ಡ ಶಿಲುಬೆ. ಕಾಲ ಕ್ರಿ.ಶ. 630ರಿಂದ 670ರ ನಡುವೆ. ರಾಜಮನೆತನದವಳಿರಬೇಕು, ಇಲ್ಲವೇ ಮಠದ ಒಡತಿ ಎಂದು ತಜ್ಞರು ಊಹಿಸಿದರು. ಆ ಕಾಲದಲ್ಲಿ ಇವೆರಡೂ ಒಬ್ಬಳೇ ಆಗಿರುವುದು ಮಾಮೂಲಿ.

ಹೇಗೆ ಅಂತೀರಾ? ಏಳನೇ ಶತಮಾನದಲ್ಲಿ ಇಂಗ್ಲೆಂಡನ್ನು ಹಂಚಿಕೊಂಡು ಆಳುತ್ತಿದ್ದ ಆಂಗ್ಲೋ ಸ್ಯಾಕ್ಸನ್ ರಾಜರು ಒಬ್ಬೊಬ್ಬರಾಗಿ ಕ್ರೈಸ್ತರಾದರು. ಮಠಗಳಿಗೆ ಜಮೀನು ಬರೆದುಕೊಟ್ಟರು. ಉತ್ತರದ ನಾರ್ಥಂಬ್ರಿಯ ರಾಜ್ಯದ ರಾಜ ಓಸ್ವಿಯು 655ರ ಯುದ್ಧ ಗೆದ್ದ ಮೇಲೆ ಒಂದು ವರ್ಷದ ಮಗಳನ್ನೇ ದೇವರಿಗೆ ಒಪ್ಪಿಸಿದ. ಜೊತೆಗೆ 12 ಕಡೆ ಜಮೀನು ಕೊಟ್ಟ. ಒಂದೊಂದೂ 10 ಕುಟುಂಬ ಉಣ್ಣುವಷ್ಟು. ಅಷ್ಟು ಆಸ್ತಿ ನೋಡಿಕೊಳ್ಳಲು ಮನೆಯ ಹೆಣ್ಣುಮಕ್ಕಳಿಗಿಂತ ನಂಬಿಕಸ್ಥರು ಬೇಕೇ? ಆ ಮಠಗಳಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಆಳುತ್ತಿದ್ದವಳು ಮಾತ್ರ ಹೆಂಗಸು. ವಿಟ್ಬಿ ಎಂಬಲ್ಲಿ ಹಿಲ್ಡ್ ಎಂಬ ಒಡತಿಯ ಮಠದಲ್ಲಿ ಓದಿದ ಐವರು ಬಿಷಪ್‌ಗಳಾದರು. ಈಸ್ಟರ್ ದಿನ ಯಾವುದು ಎಂಬ ಜಗಳ 664ರಲ್ಲಿ ತೀರಿದ್ದೂ ಅಲ್ಲೇ.

ನನಗೆ ಜಾಸ್ತಿ ಕುತೂಹಲ ಇರುವುದು ಎಥೆಲ್‌ಥ್ರಿತ್ ಬಗ್ಗೆ. ಪೂರ್ವ ಆಂಗ್ಲಿಯದ ರಾಜ ಅನ್ನಾನ ಮಗಳು. ಮೊದಲ ಗಂಡ ಬೇಗ ತೀರಿಕೊಂಡ. ಎರಡನೆಯವನು ಓಸ್ವಿಯುವಿನ ಮಗ ಎಜ್‌ಫ್ರಿತ್, ಆಮೇಲೆ ನಾರ್ಥಂಬ್ರಿಯದ ರಾಜನಾದವನು. ಹನ್ನೆರಡು ವರ್ಷ ಸಂಸಾರ, ಆದರೂ ಆಕೆ ಕನ್ಯೆಯಾಗಿಯೇ ಉಳಿದಳು. ಹೇಗಾದರೂ ಅವಳನ್ನು ದಾಂಪತ್ಯಕ್ಕೆ ಒಪ್ಪಿಸಿದರೆ ಜಮೀನು, ಹಣ ಕೊಡುತ್ತೇನೆಂದು ಎಜ್‌ಫ್ರಿತ್ ಬಿಷಪ್ ವಿಲ್ಫ್ರಿಡ್‌ಗೆ ಆಸೆ ತೋರಿಸಿದ್ದನಂತೆ. ಇದನ್ನು ವಿಲ್ಫ್ರಿಡ್ ಬಾಯಿಂದಲೇ ಕೇಳಿ ಬರೆದವನು ಇತಿಹಾಸಕಾರ ಬೀಡ್. ಕೊನೆಗೆ ಗಂಡನೇ ಸೋತು ಬಿಟ್ಟುಕೊಟ್ಟ. ಆಕೆ 673ರ ಹೊತ್ತಿಗೆ ಜೌಗು ನೆಲದ ನಡುವಿನ ಏಲಿಯಲ್ಲಿ ಮಠ ಕಟ್ಟಿದಳು. ನುಣುಪು ನಾರಿನ ಲಿನನ್ ಬಟ್ಟೆ ಬಿಟ್ಟು ಉಣ್ಣೆ ಉಟ್ಟಳು. ಬಿಸಿನೀರ ಸ್ನಾನ ದೊಡ್ಡ ಹಬ್ಬಗಳಿಗೆ ಮಾತ್ರ, ಅದೂ ಉಳಿದವರದೆಲ್ಲ ಮುಗಿದ ಮೇಲೆ.

ಕೆಲವೇ ವರ್ಷಗಳಲ್ಲಿ ಕುತ್ತಿಗೆಯಲ್ಲಿ ಗಡ್ಡೆ ಎದ್ದು ಸತ್ತಳು. ಚಿಕ್ಕವಳಿದ್ದಾಗ ಸುಮ್ನೆ ಶೋಕಿಗೆ ಹೊತ್ತ ಸರಗಳ ಪಾಪ ಇದು, ತೀರಲಿ ಎಂದಳಂತೆ.

ಅವಳನ್ನು ಸಂತಳನ್ನಾಗಿ ಮಾಡಿದ್ದು ರೋಮ್ ಅಲ್ಲ, ಅಕ್ಕ. ಕೆಂಟ್ ರಾಜನ ವಿಧವೆಯಾಗಿದ್ದ ಸ್ಯಾಕ್ಸ್‌ಬರ್ಹ್ ಮಠದ ಮುಂದಿನ ಒಡತಿಯಾದಳು. 16 ವರ್ಷದ ಮೇಲೆ ತಂಗಿಯ ದೇಹವನ್ನು ಹೊರತೆಗೆಸಿದಳು. ಹೊಸ ಶವಪೆಟ್ಟಿಗೆ ಮಾಡಲು ಏಲಿಯಲ್ಲಿ ಒಳ್ಳೆಯ ಕಲ್ಲಿಲ್ಲ. ಹುಡುಕಲು ಹೋದ ದೋಣಿಯವರಿಗೆ ಪಾಳುಬಿದ್ದ ರೋಮನ್ ಪಟ್ಟಣವೊಂದರಲ್ಲಿ ಬಿಳಿ ಅಮೃತಶಿಲೆಯ ಶವಪೆಟ್ಟಿಗೆ ಸಿಕ್ಕಿತು. ದೇಹ ಕೆಟ್ಟಿರಲಿಲ್ಲ, ತಾನು ಕೊಯ್ದಿದ್ದ ಗಾಯ ಮಾಗಿತ್ತು ಎಂದು ವೈದ್ಯ ಕಿನೆಫ್ರಿತ್ ಸಾಕ್ಷಿ ಹೇಳಿದ. ನಂಬುವುದು ಬಿಡುವುದು ನಮಗೆ ಬಿಟ್ಟದ್ದು. ಆದರೆ ಮನೆತನದಲ್ಲೊಬ್ಬ ಸಂತಳಿದ್ದರೆ ಮಠಕ್ಕೂ ಅರಮನೆಗೂ ಎಷ್ಟು ಬಲ, ಅಲ್ವಾ?

ಆ ಬಲ ಕೊನೆಯವರೆಗೆ ಹೆಂಗಸರ ಕೈಲಿ ಉಳಿಯಲಿಲ್ಲ. ವೈಕಿಂಗರ ದಾಳಿಗೆ ಅನೇಕ ಮಠ ಹಾಳಾದವು. 970ರಲ್ಲಿ ಬಿಷಪ್ ಎಥೆಲ್‌ವೋಲ್ಡ್ ಏಲಿಯನ್ನು ಮತ್ತೆ ಕಟ್ಟಿಸಿದ, ಆದರೆ ಗಂಡಸರಿಗಾಗಿ. ಸಂತಳು ಒಳಗೇ ಉಳಿದಳು, ಅವಳಂಥ ಒಡತಿಯರು ಮತ್ತೆ ಬರಲಿಲ್ಲ. ಸಮಾಧಿಯ ಮಂಟಪವನ್ನು 1541ರಲ್ಲಿ ಒಡೆದುಹಾಕಿದರು.

ಜನ ಅವಳನ್ನು ಆಡ್ರಿ ಎಂದು ಕರೆದರು. ಅವಳ ಹೆಸರಿನ ಜಾತ್ರೆಯಲ್ಲಿ ಕೊರಳಿಗೆ ಕಟ್ಟುವ ರೇಷ್ಮೆ ಪಟ್ಟಿ ಮಾರುತ್ತಿದ್ದರು. 'ಸೇಂಟ್ ಆಡ್ರಿ' ಬಾಯಲ್ಲಿ ಸವೆದು 'ಟಾಡ್ರಿ' ಆಯಿತು. ಇವತ್ತು ಇಂಗ್ಲಿಷಿನಲ್ಲಿ ಆ ಪದಕ್ಕೆ ಥಳುಕಿನ, ಅಗ್ಗದ ಮಾಲು ಎಂದು ಅರ್ಥ.